ಗುಡ್ಡ ಕುಸಿದ ಊರಿನ ಹರೆಯದ ಮಕ್ಕಳಲ್ಲಿ ಭರವಸೆ ಮರಳಿ ಬೆಳೆಸುವುದು ಹೇಗೆ?

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಗುಡ್ಡಗಳೇ ಜಾರಿ ಬಂದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕಡಿದುಹೋಯಿತು. ಮರುವರ್ಷ ವಿರಾಜಪೇಟೆ ಬಳಿಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಅದೇ ತಿಂಗಳ 30ರ ನಸುಕಿಗೆ ಪಕ್ಕದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಕೆಲಸ ಹುಡುಕಿ ವಯನಾಡಿಗೆ ಹೋಗಿದ್ದ ಚಾಮರಾಜನಗರ, ಮಂಡ್ಯ ಕಡೆಯವರೂ ಅಲ್ಲಿ ತೀರಿಕೊಂಡರು.

ಕೊಡಗಿನಲ್ಲಿ 2018ರಲ್ಲಿ ನಾಲ್ಕನೇ, ಐದನೇ ತರಗತಿಯಲ್ಲಿದ್ದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಮನೆಗೆ ಪರಿಹಾರ ಬಂತು, ರಸ್ತೆಗೆ ತಡೆಗೋಡೆ ಬಂತು. ಆದರೆ ಜೂನ್ ಬಂದು ರಾತ್ರಿ ಮಳೆ ಜೋರಾದರೆ ಎದ್ದು ಕೂರುವ ಹುಡುಗ, ಹುಡುಗಿಯರು ಇನ್ನೂ ಇದ್ದಾರೆ. ಈ ಲೇಖನ ಅವರ ಅಪ್ಪ, ಅಮ್ಮ, ಅಕ್ಕ, ಅಣ್ಣ, ಮೇಷ್ಟ್ರುಗಳಿಗಾಗಿ. ಹದಿಮೂರರಿಂದ ಇಪ್ಪತ್ತೈದರ ಒಳಗಿನವರು ತಾವೇ ಓದಿಕೊಂಡರೂ ಒಳ್ಳೆಯದೇ. ಗುಡ್ಡ ಕುಸಿತದ ಮಾತು ಇಲ್ಲಿ ಹೆಚ್ಚಿದ್ದರೂ, ನೆರೆ, ರಸ್ತೆ ಅಪಘಾತ, ಬೆಂಕಿ ಅನಾಹುತ ಕಂಡ ಮಕ್ಕಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟು: ಹರೆಯದ ಮಕ್ಕಳಿಗೆ ಭರವಸೆಯ ಮಾತು ಹೇಳಿದರೆ ಸಾಲದು. ಹೇಳಿದ್ದು ನಿಜವಾಗುವುದನ್ನು ಅವರು ಮತ್ತೆ ಮತ್ತೆ ಕಾಣಬೇಕು. ಸಣ್ಣದಾದರೂ ಸರಿ, ನಿಜವಾಗಬೇಕು.

ಭರವಸೆ ಮನಸ್ಸಿಗೆ ಏನು ಮಾಡುತ್ತದೆ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೈಕೆಲ್ ಶಯರ್ ಮತ್ತು ಚಾರ್ಲ್ಸ್ ಕಾರ್ವರ್ 1985ರಲ್ಲಿ ಆಶಾವಾದವನ್ನು ಅಳೆಯಲು ಒಂದು ಸಣ್ಣ ಪ್ರಶ್ನಾವಳಿ ಮಾಡಿದರು. ಮುಂದೆ ಒಳ್ಳೆಯದಾಗುತ್ತದೆ ಎಂದು ಸಾಮಾನ್ಯವಾಗಿ ನಂಬುತ್ತೀರಾ, ಇಲ್ಲವಾ ಅನ್ನುವುದೇ ಅದರ ತಿರುಳು. ಅಲ್ಲಿಂದ ಈಚೆಗೆ ನಡೆದ ಸಾಕಷ್ಟು ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಆಶಾವಾದಿಗಳು ಕಷ್ಟ ಬಂದಾಗ ಅದರಿಂದ ಮುಖ ತಿರುಗಿಸುವುದು ಕಡಿಮೆ. ಬದಲಾಯಿಸಲು ಆಗುವುದಕ್ಕೆ ಕೈ ಹಾಕುತ್ತಾರೆ, ಆಗದ್ದನ್ನು ಒಪ್ಪಿಕೊಳ್ಳುತ್ತಾರೆ, ಬೇರೆಯವರ ಸಹಾಯ ಕೇಳುತ್ತಾರೆ. ಖಿನ್ನತೆ, ಆತಂಕ ಅವರಲ್ಲಿ ಸರಾಸರಿ ಕಡಿಮೆ ಇರುವುದಕ್ಕೆ ಇದು ದೊಡ್ಡ ಕಾರಣ.

ಅಂದರೆ ಭರವಸೆ ಕೆಲಸ ಮಾಡುವುದು ನಡವಳಿಕೆಯ ಮೂಲಕ. ನಾಳೆ ಏನಾದರೂ ಆಗಬಹುದು ಅಂತ ಅನ್ನಿಸಿದರೆ ತಾನೇ ಇವತ್ತು ಎದ್ದು ಸ್ನಾನ ಮಾಡಿ ಕಾಲೇಜಿಗೆ ಹೋಗೋದು? ಗೆಳತಿಗೆ ಫೋನ್ ಮಾಡೋದು? ಹಾಗೆ ಹೋದವರಿಗೆ ನಾಲ್ಕು ಜನ ಸಿಗುತ್ತಾರೆ, ನಿದ್ದೆ ಸರಿಯಾಗುತ್ತದೆ, ಮತ್ತೆ ಸ್ವಲ್ಪ ಭರವಸೆ ಕೂಡುತ್ತದೆ. ಇದು ಉಲ್ಟಾ ಕೂಡ ನಡೆಯುತ್ತದೆ. ಮನೆ ಕೊಚ್ಚಿಹೋಗಿದ್ದನ್ನು ಕಂಡವರಿಗೆ ಮುಂದಿನ ದಿನಗಳ ಮೇಲಿನ ನಂಬಿಕೆಯೇ ಅಲುಗಾಡಿರುತ್ತದೆ. ಹಾಗಾಗಿ "ಅವನಿಗೆ ಭರವಸೆ ಇಲ್ಲ, ಅದಕ್ಕೇ ಹೀಗಾದ" ಅಂತ ಮಗುವನ್ನೇ ದೂರುವುದು ತಪ್ಪು.

ಹುಟ್ಟುಗುಣ ಅನ್ನುತ್ತೀರಾ? ಸ್ವಲ್ಪ ಹೌದು. ಅವಳಿಗಳ ಮೇಲೆ ನಡೆದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಆಶಾವಾದದ ಸುಮಾರು ಕಾಲು ಭಾಗಕ್ಕೆ ವಂಶವಾಹಿ ಕಾರಣ ಎಂದು ಕಂಡಿತು. ಉಳಿದದ್ದು ಬೆಳೆದ ರೀತಿ, ಸುತ್ತಲಿನ ಜನ, ಅನುಭವ. ನಮ್ಮ ಕೈಗೆ ಸಿಗುವುದು ಆ ಭಾಗ. ಚಿಕ್ಕದೇನಲ್ಲ.

ಮೊದಲ ದಿನಗಳು: ಭರವಸೆಯ ಮಾತು ಬೇಡ

2007ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀವನ್ ಹಾಬ್‌ಫಾಲ್ ಮತ್ತು ಹಲವು ದೇಶಗಳ ತಜ್ಞರು ಸೇರಿ, ದೊಡ್ಡ ಅನಾಹುತದ ನಂತರ ಜನರಿಗೆ ಬೇಕಾಗುವ ಐದು ವಿಷಯಗಳನ್ನು ಹೇಳಿದರು. ಸುರಕ್ಷಿತವಾಗಿದ್ದೇವೆ ಅನ್ನುವ ಭಾವನೆ, ಮನಸ್ಸಿಗೆ ಸಮಾಧಾನ, ನಮ್ಮಿಂದ ಆಗುತ್ತದೆ ಅನ್ನುವ ನಂಬಿಕೆ, ಜೊತೆಗೆ ಜನ, ಕೊನೆಗೆ ಭರವಸೆ. ನಾವು ದೊಡ್ಡವರು ಬಹಳ ಸಲ ಮೊದಲ ನಾಲ್ಕನ್ನು ಹಾರಿ ಸೀದಾ ಐದನೆಯದಕ್ಕೆ ಹೋಗಿಬಿಡುತ್ತೇವೆ. ಗಂಜಿ ಕೇಂದ್ರದಲ್ಲಿ ಒದ್ದೆ ಬಟ್ಟೆಯಲ್ಲಿ ಕೂತ ಹುಡುಗಿಗೆ "ಎಲ್ಲಾ ಸರಿಹೋಗುತ್ತೆ" ಅಂದರೆ ಅವಳ ಕಿವಿಗೆ ಅದು ಬೀಳುವುದೇ ಇಲ್ಲ.

ಮೊದಲು ಒಣ ಬಟ್ಟೆ ಕೊಡಿ. ಬಾಗಿಲಿಗೆ ಚಿಲಕ ಇರುವ ಶೌಚಾಲಯ ತೋರಿಸಿ. ಹರೆಯದ ಹುಡುಗಿಯರಿಗೆ ಪ್ಯಾಡ್ ಬೇಕಾಗುತ್ತದೆ, ಅವರು ಕೇಳುವುದಿಲ್ಲ, ನೀವೇ ಕೊಡಿ. ಮನೆಯವರು ಎಲ್ಲೆಲ್ಲಿ ಇದ್ದಾರೆ ಅಂತ ಗೊತ್ತಿದ್ದಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. "ಅಪ್ಪ ಬಂದೇ ಬರ್ತಾರೆ" ಅನ್ನುವ ಮಾತು ಸುಳ್ಳಾದರೆ, ಆಮೇಲೆ ನೀವು ಹೇಳುವ ಯಾವ ಮಾತನ್ನೂ ಆ ಮಗು ನಂಬುವುದಿಲ್ಲ. ಬದಲಿಗೆ, "ಸಾಯಂಕಾಲ ಆರು ಗಂಟೆಗೆ ಮತ್ತೆ ಬಂದು, ಏನು ತಿಳೀತು ಅಂತ ಹೇಳ್ತೀನಿ" ಅನ್ನಿ. ಆರು ಗಂಟೆಗೆ ಬನ್ನಿ. ಹೇಳೋಕೆ ಹೊಸದೇನೂ ಇಲ್ಲದಿದ್ದರೂ ಬನ್ನಿ. ಭರವಸೆಯ ಮೊದಲ ಇಟ್ಟಿಗೆ ಇದೇ.

ಏನಾಯಿತು ಅಂತ ಬಲವಂತವಾಗಿ ಹೇಳಿಸಬೇಡಿ. ಎಲ್ಲರನ್ನೂ ಗುಂಪಾಗಿ ಕೂರಿಸಿ ಒಂದೇ ಸಲಕ್ಕೆ ಘಟನೆಯನ್ನೆಲ್ಲಾ ಹೊರಹಾಕಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪ್ರಯೋಜನ ಕಾಣಲಿಲ್ಲ, ಈಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಅನ್ನುತ್ತದೆ. 2011ರಲ್ಲಿ ಆ ಸಂಸ್ಥೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಇರುವುದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿನ ಜೊತೆ ಸೇರಿಸಿ. ಅವರಾಗಿ ಮಾತಾಡಿದರೆ ಕೇಳಿ. ಸುಮ್ಮನೆ ಕೂತರೆ ಜೊತೆಗೆ ಕೂರಿ.

ಇನ್ನೊಂದು ಮುಖ್ಯ ವಿಷಯ ಫೋನ್. ಗುಡ್ಡ ಜಾರುವ ವಿಡಿಯೋ, ಶವ ತೆಗೆಯುವ ವಿಡಿಯೋ ವಾಟ್ಸಾಪ್ ಗುಂಪುಗಳಲ್ಲಿ ಗಂಟೆಗೊಂದು ಬರುತ್ತದೆ. ಬೈದು ಫೋನ್ ಕಿತ್ತುಕೊಳ್ಳಬೇಡಿ, ಹರೆಯದವರಿಗೆ ಗೆಳೆಯರ ಜೊತೆ ಸಂಪರ್ಕ ಇರುವುದು ಅದರಲ್ಲೇ. ವಿಡಿಯೋ ತಾನಾಗಿ ಡೌನ್‌ಲೋಡ್ ಆಗದ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಡಿ. ಸುದ್ದಿ ನೋಡುವುದಕ್ಕೆ ದಿನಕ್ಕೆ ಎರಡು ಹೊತ್ತು ಅಂತ ಇಬ್ಬರೂ ಕೂತು ಒಪ್ಪಿಕೊಳ್ಳಿ.

ಬಾಯಿಗೆ ಬರುವ ಕೆಲವು ಮಾತುಗಳನ್ನು ತಡೆಯಿರಿ

"ಆಗೋದೆಲ್ಲಾ ಒಳ್ಳೇದಕ್ಕೇ." "ನಿನಗಿಂತ ಜಾಸ್ತಿ ಕಳೆದುಕೊಂಡವರು ಇದ್ದಾರೆ." "ಅತ್ತರೆ ಹೋದವರು ಬರ್ತಾರಾ?" "ನೀನೇ ಮನೆಗೆ ದೊಡ್ಡ ಮಗ, ನೀನು ಧೈರ್ಯವಾಗಿರಬೇಕು." ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕೇಳುವ ಹುಡುಗನಿಗೆ ತಲುಪುವುದು "ಇಲ್ಲಿ ಅಳುವ ಹಾಗಿಲ್ಲ" ಅನ್ನುವ ಸೂಚನೆ. ಕೊನೆಯ ಮಾತಂತೂ ಹದಿನಾರರ ಹುಡುಗರ ಮೇಲೆ ಬಹಳ ಭಾರ ಹೇರುತ್ತದೆ. ಅಮ್ಮ, ತಂಗಿಯರು ಅಳಬಹುದು, ಅವನು ಅಳಬಾರದು ಅಂತಾಗುತ್ತದೆ. ಹಾಗೆ ಅದುಮಿಟ್ಟ ದುಃಖ ಕೆಲವು ಹುಡುಗರಲ್ಲಿ ಸಿಟ್ಟಾಗಿ, ಕುಡಿತವಾಗಿ, ಬೈಕನ್ನು ಜೋರಾಗಿ ಓಡಿಸುವ ಹುಚ್ಚಾಗಿ ಹೊರಗೆ ಬರುತ್ತದೆ. ಊರವರು "ಅವನು ಕೆಟ್ಟುಹೋದ" ಅಂತ ಮಾತಾಡಿಕೊಳ್ಳುತ್ತಾರೆ.

ಬದಲಿಗೆ ಏನು ಹೇಳಬಹುದು? "ನಿನಗೆ ಹೀಗೆ ಅನ್ನಿಸ್ತಿರೋದು ಸಹಜ, ಮಗಾ." "ಇವತ್ತು ಊಟ ಆಯ್ತಾ? ನಾನೂ ಇನ್ನೂ ಮಾಡಿಲ್ಲ, ಬಾ." "ನಾಳೆ ಬ್ಯಾಂಕಿಗೆ ಹೋಗ್ತಿದ್ದೀನಿ, ಜೊತೆಗೆ ಬರ್ತೀಯಾ?" ಇಂಥ ಮಾತಲ್ಲಿ ದೊಡ್ಡ ಆಶ್ವಾಸನೆ ಏನೂ ಇಲ್ಲ. ಆದರೆ ನಾಳೆ ಅನ್ನುವುದು ಇದೆ, ಆ ನಾಳೆಯಲ್ಲಿ ಅವನಿಗೆ ಒಂದು ಜಾಗವೂ ಇದೆ.

ಅವರ ಕೈಯಿಂದಲೇ ಒಂದು ಕೆಲಸ ಮುಗಿಯಲಿ

ಈ ಹೆಜ್ಜೆಯ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ. ಭರವಸೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸಿ. ಆರ್. ಸ್ನೈಡರ್ ಅದರಲ್ಲಿ ಮೂರು ಭಾಗ ಇದೆ ಅನ್ನುತ್ತಿದ್ದರು. ತಲುಪಬೇಕಾದ ಒಂದು ಗುರಿ, ಅಲ್ಲಿಗೆ ಹೋಗುವ ದಾರಿಗಳು, ಆ ದಾರಿಯಲ್ಲಿ ನಡೆಯಬಲ್ಲೆ ಅನ್ನುವ ಬಲ. ಅನಾಹುತ ಈ ಮೂರನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ. ಮರಳಿ ಕೊಡಬೇಕಾದರೆ ಒಂದು ವಾರದೊಳಗೆ ಮುಗಿಯುವ, ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ ಬೇಕು.

ಮನೆ ಹೋದವರಿಗೆ ಇಂಥ ಕೆಲಸಕ್ಕೇನು ಕಡಿಮೆ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮಣ್ಣುಪಾಲಾಗಿರುತ್ತದೆ. ಡಿಜಿಲಾಕರ್‌ನಲ್ಲಿ ಸಿಗುತ್ತದಾ ನೋಡಬೇಕು, ಇಲ್ಲದಿದ್ದರೆ ಶಾಲೆಯ ಮೂಲಕ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಅಜ್ಜಿಯ ಬಿಪಿ ಮಾತ್ರೆಯ ಹೆಸರು ಹುಡುಕಿ ಮತ್ತೆ ತರಬೇಕು. ಇದೆಲ್ಲವನ್ನೂ ಚಿಕ್ಕಪ್ಪಂದಿರು ಓಡಾಡಿ ಮುಗಿಸಿಬಿಡುತ್ತಾರೆ, ಮಕ್ಕಳಿಗೆ ತೊಂದರೆ ಬೇಡ ಅಂತ. ದಯವಿಟ್ಟು ಒಂದನ್ನು ಅವರಿಗೆ ಬಿಡಿ. ಹದಿನೇಳರ ಹುಡುಗಿ ತಾನೇ ಅರ್ಜಿ ತುಂಬಲಿ, ತಾನೇ ಕೌಂಟರಿನಲ್ಲಿ ಮಾತಾಡಲಿ, ನೀವು ಹಿಂದೆ ನಿಂತಿರಿ. "ಇವತ್ತು ಸರ್ವರ್ ಡೌನ್, ನಾಳೆ ಬಾ" ಅಂದರೆ ನಾಳೆ ಏನು ಮಾಡೋಣ ಅಂತ ಅವಳನ್ನೇ ಕೇಳಿ. ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಹುಡುಕುವ ಅಭ್ಯಾಸ ಬೆಳೆಯುವುದು ಅಲ್ಲೇ. ಕೊನೆಗೆ ಕಾಗದ ಕೈಗೆ ಬಂದಾಗ ಅವಳಿಗೆ ಸಿಗುವುದು ಬರೀ ಕಾಗದವಲ್ಲ ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ. ಕೆಲಸ ವಯಸ್ಸಿಗೆ ತಕ್ಕ ಹಾಗಿರಲಿ. ಶವ ಗುರುತಿಸುವುದು, ಪರಿಹಾರದ ಹಣದ ಜಗಳಕ್ಕೆ ನಿಲ್ಲುವುದು ಮಕ್ಕಳ ಕೆಲಸವಲ್ಲ. ಮತ್ತೆ, ಕೆಲಸದ ನೆಪದಲ್ಲಿ ಓದು ಬಿಡಿಸಬೇಡಿ.

ತಮಗೆ ತಾವೇ ಹೇಳಿಕೊಳ್ಳುವ ಕಥೆಯನ್ನು ಕೇಳಿಸಿಕೊಳ್ಳಿ

ಕೆಲವು ವಾರ ಕಳೆದ ಮೇಲೆ ಮಕ್ಕಳು ಆಗಿದ್ದಕ್ಕೆ ಕಾರಣ ಹುಡುಕತೊಡಗುತ್ತಾರೆ. ಕೆಟ್ಟದ್ದು ನಡೆದಾಗ ಜನ ಅದನ್ನು ಹೇಗೆ ವಿವರಿಸಿಕೊಳ್ಳುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಬಹಳ ಕಾಲ ಅಧ್ಯಯನ ಮಾಡಿದರು. ನಿರಾಶೆಗೆ ಜಾರುವವರ ವಿವರಣೆಯಲ್ಲಿ ಮೂರು ಗುಣ ಕಂಡವು. ಇದು ಯಾವತ್ತೂ ಹೀಗೇ, ನನ್ನ ಬದುಕಿನಲ್ಲಿ ಎಲ್ಲವೂ ಹೀಗೇ, ತಪ್ಪೆಲ್ಲಾ ನನ್ನದೇ.

ಅನಾಹುತದಲ್ಲಿ ಉಳಿದವರನ್ನು ಹೆಚ್ಚು ಕಾಡುವುದು ಮೂರನೆಯದು. ಹೀಗೊಂದು ಮಾತುಕತೆ ಊಹಿಸಿಕೊಳ್ಳಿ:

"ಅಕ್ಕಾ, ಅವತ್ತು ಸಾಯಂಕಾಲನೇ ಅಜ್ಜಿನ ಕರ್ಕೊಂಡು ಬಂದಿದ್ರೆ ಬದುಕ್ತಿದ್ರು. ನಾನೇ ನಾಳೆ ನೋಡೋಣ ಅಂದೆ."

"ಛೇ, ಹಾಗೆಲ್ಲಾ ಅನ್ಕೋಬೇಡ" ಅಂತ ಅಕ್ಕ ತಕ್ಷಣ ಬಾಯಿ ಮುಚ್ಚಿಸಿದರೆ ಆ ಯೋಚನೆ ಒಳಗೇ ಉಳಿಯುತ್ತದೆ. ಅದರ ಬದಲು ನಿಧಾನಕ್ಕೆ ಕೇಳಲಿ.

"ಅವತ್ತು ಸಾಯಂಕಾಲ ನಿಂಗೆ ಏನೇನು ಗೊತ್ತಿತ್ತು?"

"ಮಳೆ ಜೋರಿತ್ತು. ಪ್ರತಿ ವರ್ಷಾನೂ ಇರುತ್ತಲ್ವಾ ಅಂದ್ಕೊಂಡೆ."

"ಗುಡ್ಡ ಜಾರುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ. ಯಾರಿಗೂ ಗೊತ್ತಿರ್ಲಿಲ್ಲ."

"ಈಗ ಗೊತ್ತಿರೋದನ್ನ ಇಟ್ಕೊಂಡು ಆವತ್ತಿನ ನಿನಗೆ ಶಿಕ್ಷೆ ಕೊಡ್ತಿದ್ದೀಯ ಅನ್ಸುತ್ತೆ ನಂಗೆ."

ಇಷ್ಟಕ್ಕೇ ಪಾಪಪ್ರಜ್ಞೆ ಹೋಗಿಬಿಡುವುದಿಲ್ಲ. ಇದೇ ಮಾತು ಹತ್ತು ಸಲ ಬರಬಹುದು, ಹತ್ತು ಸಲವೂ ಬೇಸರಪಡದೆ ಕೇಳಬೇಕು. ಆದರೆ ದಿನ ಕಳೆದಂತೆ "ನನ್ನಿಂದಲೇ ಆಯಿತು" ಅನ್ನುವುದು "ಯಾರಿಗೂ ಗೊತ್ತಿರಲಿಲ್ಲ" ಅನ್ನುವ ಕಡೆಗೆ ಸರಿಯತೊಡಗುತ್ತದೆ. ಮುಂದಿನ ದಿನಗಳ ಬಗ್ಗೆ ಯೋಚಿಸಲು ಮನಸ್ಸಿನಲ್ಲಿ ಜಾಗ ಆಗುವುದು ಆಗಲೇ.

ಉಳಿದ ಎರಡಕ್ಕೂ ದಾರಿ ಹೀಗೇ. "ನನ್ನ ಓದೆಲ್ಲಾ ಹಾಳಾಯ್ತು" ಅಂದರೆ ಯಾವ ವಿಷಯ, ಎಷ್ಟು ಪಾಠ ಅಂತ ಕೂತು ಲೆಕ್ಕ ಹಾಕಿ. ಬಹಳ ಸಲ ನಿಜವಾದ ನಷ್ಟ ದೊಡ್ಡದೇ ಇರುತ್ತದೆ, ಆದರೆ "ಎಲ್ಲಾ" ಅನ್ನುವಷ್ಟು ಇರುವುದಿಲ್ಲ.

ಕನಸಿನ ಜೊತೆ ಅಡ್ಡಿಯನ್ನೂ ಬರೆಯಿರಿ

ಮುಂದೆ ಏನಾಗಬೇಕು ಅಂತ ಕನಸು ಕಾಣಿಸುವುದು ಒಳ್ಳೆಯದೇ. ಆದರೆ ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ ಅವರ ಪ್ರಯೋಗಗಳಲ್ಲಿ ಗಮನಿಸಬೇಕಾದ ಒಂದು ವಿಷಯ ಕಂಡಿತು. ಬರೀ ಸಿಹಿ ಕನಸಿನಲ್ಲಿ ಮುಳುಗಿದವರು ಕೆಲಸಕ್ಕೆ ಹಾಕುವ ಶ್ರಮ ಕಡಿಮೆಯಾಗುತ್ತದೆ. ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಿದವರು ಮುಂದೆ ಸಾಗುತ್ತಾರೆ.

ಒಂದು ಹಾಳೆ ತೆಗೆದುಕೊಳ್ಳಿ. ಈ ಮೂರು ತಿಂಗಳಲ್ಲಿ ಆಗಬೇಕಾದ ಒಂದು ವಿಷಯ ಬರೆಯಲಿ. ಅದರ ಕೆಳಗೆ ಅಡ್ಡ ಬರುವ ಒಂದು ತೊಂದರೆ. ಅದರ ಕೆಳಗೆ, ಆ ತೊಂದರೆ ಬಂದರೆ ಏನು ಮಾಡುತ್ತೇನೆ ಅನ್ನುವ ಒಂದು ಸಾಲು. "ನರ್ಸಿಂಗ್ ಸೇರಬೇಕು. ರಾತ್ರಿ ಓದಲು ಕೂತರೆ ಮಳೆ ಸದ್ದಿಗೆ ಗಮನ ಹೋಗುತ್ತದೆ. ಮಳೆ ಜೋರಾದರೆ ಪುಸ್ತಕ ತಗೊಂಡು ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕೂರ್ತೀನಿ." ಇಷ್ಟೇ ಸಾಕು. ಬರೆಯಲು ಮನಸ್ಸಿಲ್ಲದಿದ್ದರೆ ಬಾಯಿಮಾತಲ್ಲೇ ಆಗಲಿ.

ಒಬ್ಬರಾದರೂ ಜೊತೆಗಿರಲಿ

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ದಶಕಗಳ ಕಾಲ ಗಮನಿಸಿತು. ಬಡತನ, ಮನೆಯ ಜಗಳ, ಹೆತ್ತವರ ಕಾಯಿಲೆಯ ನಡುವೆ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದು ಮಗು ಚೆನ್ನಾಗಿ ಬೆಳೆದು ನಿಂತಿತು. ಅಂಥವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡದ್ದು, ಅವರನ್ನು ನಂಬಿ ಜೊತೆಗೆ ನಿಂತ ಕನಿಷ್ಠ ಒಬ್ಬ ದೊಡ್ಡವರು. ಅಪ್ಪ, ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿ ಇರಬಹುದು, ಟೀಚರ್ ಇರಬಹುದು, ಪಕ್ಕದ ಮನೆಯವರಿರಬಹುದು.

ಶಿಕ್ಷಕರು ಇದನ್ನು ಗಮನಿಸಬೇಕು ಅಂತ ನನ್ನ ಆಸೆ. ತೋಟದ ಲೈನ್ ಮನೆಗಳ ಮಕ್ಕಳಿಗೆ ಅಪ್ಪ, ಅಮ್ಮ ದಿನಗೂಲಿ ಬಿಟ್ಟು ಜೊತೆಗೆ ಕೂರಲು ಆಗುವುದಿಲ್ಲ. ಅವರಿಗೆ ಆ ಒಬ್ಬ ದೊಡ್ಡವರು ನೀವೇ ಆಗಿರಬಹುದು. ಶಾಲೆ ಬೇಗ ಶುರುವಾಗುವುದೂ ದೊಡ್ಡ ಔಷಧಿ. ವಯನಾಡಿನಲ್ಲಿ ವೆಳ್ಳಾರ್‌ಮಲ ಶಾಲೆ ಹಾಳಾದಾಗ, ಆ ಮಕ್ಕಳಿಗೆ ಸೆಪ್ಟೆಂಬರ್ ಹೊತ್ತಿಗೆ ಮೇಪ್ಪಾಡಿಯಲ್ಲಿ ತರಗತಿ ನಡೆಸತೊಡಗಿದರು. ಬೆಲ್ಲು, ಬೆಂಚು, ಅದೇ ಗೆಳೆಯರು: ದಿನಕ್ಕೊಂದು ಆಕಾರ ಬರುತ್ತದೆ. ಮೊದಲ ಕೆಲವು ವಾರ ಪಾಠಕ್ಕಿಂತ ಆಟಕ್ಕೆ ಹೆಚ್ಚು ಹೊತ್ತು ಕೊಡಿ. ಟೆಸ್ಟ್ ಇಟ್ಟು ಅಂಕ ಹೋಲಿಸಬೇಡಿ.

ಒಂದು ತಿಂಗಳಾದರೂ ಸುಧಾರಿಸದಿದ್ದರೆ

ಹೆಚ್ಚಿನ ಮಕ್ಕಳು ಮನೆಯವರ, ಗೆಳೆಯರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಎಲ್ಲರೂ ಅಲ್ಲ. ತುಂಬಾ ಭರವಸೆಯಿಂದ ಇರುವ, ನಗುನಗುತ್ತಾ ಮಾತಾಡುವ ಹುಡುಗಿಗೂ ಚಿಕಿತ್ಸೆ ಬೇಕಾಗಬಹುದು. ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಘಟನೆ ಕಣ್ಣ ಮುಂದೆ ಬಂದ ಹಾಗಾಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗ ಮತ್ತು ಆ ಮಾತುಗಳಿಂದ ತಪ್ಪಿಸಿಕೊಳ್ಳುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮುಂದುವರಿದರೆ ವೈದ್ಯರಿಗೆ ತೋರಿಸಿ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಸಾಮಾನ್ಯವಾಗಿ 12ರಿಂದ 16 ಸಲ ಹೋಗಬೇಕಾಗುತ್ತದೆ, ಬಹಳ ಮಕ್ಕಳಿಗೆ ಒಳ್ಳೆಯ ಗುಣ ಕೊಡುತ್ತವೆ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ.

ದೂರ ಅಂತ ಸುಮ್ಮನಾಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮಗ ಮಾತಾಡಲು ಒಪ್ಪದಿದ್ದರೆ ನೀವೇ ಫೋನ್ ಮಾಡಿ, ಅವನ ಜೊತೆ ಹೇಗಿರಬೇಕು ಅಂತ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹದಿನೆಂಟರ ಒಳಗಿನ ಮಗು ಅನಾಥವಾಗಿದ್ದರೆ, ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

"ಬದುಕೋದೇ ಬೇಡ" ಅನ್ನುವ ಮಾತು ಬಂದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ತೋಟದ ಔಷಧಿ, ಕಳೆನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಮನೆಯಲ್ಲಿ ಕೋವಿ ಇದ್ದರೆ ಅದನ್ನೂ ದೂರ ಮಾಡಿ. ಒಬ್ಬರೇ ಇರಲು ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ಮಳೆಗಾಲಕ್ಕೆ ಈಗಲೇ ತಯಾರಿ

ಅದೇ ತಿಂಗಳು, ಅದೇ ಮಳೆ ಬಂದಾಗ ಹಳೆಯ ಭಯ ಎದ್ದು ಬರುವುದು ಸಾಮಾನ್ಯ. ಮರಳಿ ಮೊದಲ ದಿನಕ್ಕೆ ಬಂದುಬಿಟ್ಟೆವು ಅಂತ ಹೆದರಬೇಡಿ. ಹೀಗಾಗಬಹುದು ಅಂತ ಮಕ್ಕಳಿಗೆ ಮೇ ತಿಂಗಳಲ್ಲೇ ಹೇಳಿಡಿ.

ಇಲ್ಲಿ ಧೈರ್ಯದ ಮಾತಿಗಿಂತ ತಯಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಭಯಕ್ಕೆ ನಿಜವಾದ ಕಾರಣ ಇದೆ. ಮನೆ ಇರುವ ಜಾಗ ಅಪಾಯದ ಪಟ್ಟಿಯಲ್ಲಿ ಇದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಬರೆಯಲ್ಲಿ ಹೊಸ ಬಿರುಕು ಬಿಡುವುದು, ಮರ, ಕಂಬ ವಾಲುವುದು, ಒರತೆ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಎಚ್ಚರಿಕೆಯ ಗುರುತುಗಳು, ಮಕ್ಕಳಿಗೆ ತೋರಿಸಿಕೊಡಿ. ಯಾವ ಗುರುತು ಕಂಡರೆ ಹೊರಡಬೇಕು, ಯಾರ ಮನೆಗೆ, ಯಾವ ದಾರಿಯಲ್ಲಿ ಅಂತ ಎಲ್ಲರೂ ಕೂತು ತೀರ್ಮಾನಿಸಿ, ಒಮ್ಮೆ ಆ ದಾರಿಯಲ್ಲಿ ನಡೆದು ನೋಡಿ. ಕಾಗದಪತ್ರ, ಟಾರ್ಚ್, ಪವರ್ ಬ್ಯಾಂಕ್, ಮಾತ್ರೆ, ಒಂದು ಜೊತೆ ಬಟ್ಟೆ ಇರುವ ಚೀಲ ಬಾಗಿಲ ಬಳಿ ಇರಲಿ. ಚೀಲ ಕಟ್ಟುವ, ತಿಂಗಳಿಗೊಮ್ಮೆ ನೋಡುವ ಜವಾಬ್ದಾರಿ ಮನೆಯ ಹರೆಯದವರದ್ದೇ ಆಗಲಿ.

ರೆಡ್ ಅಲರ್ಟ್ ಬಂದು ಶಾಲೆ, ಕಾಲೇಜಿಗೆ ರಜೆ ಕೊಟ್ಟ ದಿನ ಅವರನ್ನು ಮನೆಯಲ್ಲಿ ಒಬ್ಬರೇ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಅಕ್ಕಪಕ್ಕದ ಎರಡು, ಮೂರು ಮನೆಯ ಮಕ್ಕಳು ಒಂದೇ ಕಡೆ ಇರುವ ಹಾಗೆ ಏರ್ಪಾಡು ಮಾಡಿ, ಮಧ್ಯಾಹ್ನ ಇಷ್ಟು ಗಂಟೆಗೆ ಫೋನ್ ಮಾಡ್ತೀನಿ ಅಂತ ಹೇಳಿ ಹೋಗಿ. ಸಿಗ್ನಲ್ ಸಿಗದೆ ಹೋಗಬಹುದು, ಅದನ್ನೂ ಮೊದಲೇ ಹೇಳಿ. ಹಾಗಾದರೆ ಯಾರು ಬಂದು ವಿಚಾರಿಸುತ್ತಾರೆ ಅನ್ನುವುದೂ ಅವರಿಗೆ ಗೊತ್ತಿರಲಿ.